ಕೌದಿ ಹೊಲಿಯೋ ಕೈಗೆ ಫ್ರೆಂಚ್ ಬೂತಿ: ಬಟ್ಟಿ ಯಾಕ ಜಗ್ತದ, ತೂತು ಯಾಕ ಮುಚ್ಚಂಗಿಲ್ಲ?

ಕೌದಿಸಾಲು (ಕಲಬುರಗಿ):

ಎಲ್ಲಾರಿಗೂ ಶರಣು. ಕೌದಿ ಹೊಲಿಯೋದು ಬರ್ತದ, ಹಂಗಾಗಿ ಸೂಜಿ ಹಿಡಿಯೋದ್ರಿಂದ ಶುರು ಮಾಡಬ್ಯಾಡ್ರಿ. ಕೇಳೋದು ಫ್ರಾನ್ಸಿನ ಪ್ರೊವಾನ್ಸ್ ಕಡೆ ಮಾಡೋ ಬೂತಿ ಕೆಲಸದ ಬಗ್ಗೆ. ಎರಡು ಪದರ ಬಿಳಿ ಬಟ್ಟಿ, ನಡುವ ಹತ್ತಿ ಹಾಸಂಗಿಲ್ಲ. ಮೊದಲ ಚಿತ್ರದ ಗೆರಿ ಮ್ಯಾಲ ಹೊಲಿದು, ಆಮ್ಯಾಲ ಹಿಂದಿನಿಂದ ನೂಲು ತುಂಬಿ ಉಬ್ಬಿಸ್ತಾರಲ್ಲ, ಅದು.

20 ಸೆಂ.ಮೀ. ಚೌಕದ್ದೊಂದು ನಡದದ. ಮುಂದ, ಹಿಂದ ಎರಡೂ ಪಾಪ್ಲಿನ್. ದಾರ ಮಷೀನಿನ ಪಾಲಿಯೆಸ್ಟರ್. ತುಂಬಲಿಕ್ಕ ಕ್ರೋಶೆ ನೂಲು. ತ್ರಾಸು ಮೂರವ. ನೂಲು ತುಂಬೋಕಿಂತ ಮೊದಲೇ ಬಟ್ಟಿ ಜಗ್ಗಿ ನೆರಿಗಿ ಬಿದ್ದದ. ಹಿಂಬದಿ ಸೂಜಿ ಹೊಕ್ಕಲ್ಲಿ ತೂತು ಹಂಗೇ ಉಳೀತದ. ಅಂಚಿನ ಸಾಲು (ಜೋಡಿ ಹೊಲಿಗಿ ಗೆರಿ ನಡುವಿನ ಸಂದು) ತುಂಬಿದ ಮ್ಯಾಲ ನಡುವಿನ ಭಾಗ ಮ್ಯಾಲ ಎದ್ದು ನಿಂತದ, ಎಷ್ಟು ಒತ್ತಿದ್ರೂ ಕೂಡಂಗಿಲ್ಲ. ಇದಕ್ಕೆಲ್ಲ ಕಾರಣ ಏನು? ಇಲ್ಲಿ ಸೂಪರ್ ಮಾರ್ಕೆಟ್ ಕಡೆ ಸಿಗೋ ಸಾಮಾನಿನಾಗ ಯಾವ ಬಟ್ಟಿ, ಯಾವ ನೂಲು ತಗೋಬೇಕು? ದೀಪದ ಬತ್ತಿ ನಡೀತದೇನು?

ಸೂಜಿಮೊನೆ:

ಮೂರಕ್ಕೂ ಬೇರೆ ಬೇರೆ ಕಾರಣ. ಒಂದೊಂದಾಗಿ ನೋಡೋಣ.

ನೆರಿಗೆ ಬೀಳುವುದು ಕೌದಿಯ ಕೈಯಿಂದ. ಕೌದಿಯಲ್ಲಿ ಟಾಕಿ (ಒಂದೊಂದು ಹೊಲಿಗೆ) ಅರ್ಧ ಸೆಂ.ಮೀ. ಇರುತ್ತದೆ, ಸಾಲು ಮುಗಿದಾಗ ದಾರವನ್ನು ಒಮ್ಮೆ ಜಗ್ಗುತ್ತೇವೆ. ಹಾಗೆ ಜಗ್ಗಿದ್ದರಿಂದಲೇ ಪದರಗಳು ಬಿಗಿದುಕೊಂಡು ಅಲೆ ಬರುತ್ತದೆ, ಕೌದಿಗೆ ಅದೇ ಚೆಂದ. ಬೂತಿಯಲ್ಲಿ ಉಬ್ಬು ಬರುವುದು ಹೊಲಿಗೆಯಿಂದ ಅಲ್ಲ, ಆಮೇಲೆ ತುಂಬುವ ನೂಲಿನಿಂದ. ಹೊಲಿದು ಮುಗಿದಾಗ ಬಟ್ಟೆ ಮೇಜಿನ ಮೇಲೆ ಇಸ್ತ್ರಿ ಮಾಡಿದಷ್ಟು ಚಪ್ಪಟೆ ಇರಬೇಕು. ಟಾಕಿ ಒಂದೂವರೆ ಮಿ.ಮೀ., ನಡುವಿನ ಬಿಡುವೂ ಅಷ್ಟೇ. ಸೂಜಿಯಲ್ಲಿ ಒಂದು ಸಲಕ್ಕೆ ಮೂರ್ನಾಲ್ಕು ಟಾಕಿಗಿಂತ ಹೆಚ್ಚು ಪೋಣಿಸಬೇಡಿ. ದಾರ ಎಳೆದ ಮೇಲೆ ಹೊಲಿದ ಗೆರೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆ ನೀವಿ ಸಡಿಲ ಮಾಡಿ. ಎಲೆಯ ತುದಿ, ಹಣ್ಣಿನ ಸುತ್ತುಗೆರೆ ಇಂಥ ಕಡೆ ಹಿಂಟಾಕಿ (ಪ್ರತಿ ಸಲ ಹಿಂದಕ್ಕೆ ಬಂದು ಹಾಕುವ ಟಾಕಿ) ಹಾಕಿದರೆ ಗೆರೆ ಕಡಿಯದೆ ಕಾಣುತ್ತದೆ. ಸಾಲುಗಳಿಗೆ ಸಾದಾ ಟಾಕಿ ಸಾಕು.

ಪಾಲಿಯೆಸ್ಟರ್ ದಾರ ಬಿಡಿ. ಅದು ಹತ್ತಿ ಎಳೆಗಿಂತ ಗಟ್ಟಿ, ತುಂಬುವಾಗ ಬಟ್ಟೆ ಬಿಗಿಯಾದರೆ ದಾರ ಬಗ್ಗುವುದಿಲ್ಲ, ಬಟ್ಟೆಯೇ ಹರಿಯುತ್ತದೆ. 50ನೇ ನಂಬರಿನ ಹತ್ತಿ ದಾರ ತೆಗೆದುಕೊಳ್ಳಿ. ಇಲ್ಲದಿದ್ದರೆ ಕಸೂತಿ ದಾರದ ಆರು ಎಳೆಯಲ್ಲಿ ಒಂದನ್ನು ಬಿಡಿಸಿಕೊಳ್ಳಿ, 40 ಸೆಂ.ಮೀ.ಗಿಂತ ಉದ್ದ ಬೇಡ. ಉದ್ದವಾದಷ್ಟೂ ಬಟ್ಟೆಯಲ್ಲಿ ಹಾದು ಹಾದು ಜುಂಗು ಏಳುತ್ತದೆ. ಸೂಜಿ 10ನೇ ನಂಬರಿನ ಗಿಡ್ಡ ಸೂಜಿ. ನಂಬರು ಹೆಚ್ಚಾದಷ್ಟೂ ಸೂಜಿ ಸಣ್ಣ, ಇದು ಅಂಗಡಿಯಲ್ಲಿ ಬಹಳ ಸಲ ತಿರುವುಮುರುವಾಗುತ್ತದೆ.

ಇನ್ನು ತೂತು. ಪಾಪ್ಲಿನ್ ದಟ್ಟ ನೇಯ್ಗೆ. ನೂಲು ತುಂಬುವ ಮೊಂಡ ಸೂಜಿ ಎಳೆಗಳ ನಡುವೆ ದಾರಿ ಮಾಡಿಕೊಳ್ಳಲಾಗದೆ ಎಳೆಯನ್ನೇ ಕಡಿಯುತ್ತದೆ. ಕಡಿದ ಎಳೆ ಮತ್ತೆ ಕೂಡುವುದಿಲ್ಲ. ಹಿಂಬದಿಗೆ ಸ್ವಲ್ಪ ಬಿಡಿ ನೇಯ್ಗೆಯ ಬಟ್ಟೆ ಬೇಕು, ಮಲ್ ಅಥವಾ ವಾಯ್ಲ್. ಮುಂಬದಿಗೆ ಕೇಂಬ್ರಿಕ್. ಆಗ ಸೂಜಿ ಎಳೆಗಳನ್ನು ಸರಿಸಿ ಒಳಹೋಗುತ್ತದೆ, ನೂಲು ಕತ್ತರಿಸಿದ ಮೇಲೆ ಉಗುರಿನಿಂದ ಅಡ್ಡಡ್ಡ, ಉದ್ದುದ್ದ ಕೆರೆದರೆ ಎಳೆಗಳು ಮತ್ತೆ ಜಾಗಕ್ಕೆ ಬರುತ್ತವೆ. ಎರಡೂ ಬಟ್ಟೆಗಳನ್ನು ಮೊದಲೇ ತೊಳೆದು ಗಂಜಿ ತೆಗೆಯಿರಿ. ಗಂಜಿ ಇದ್ದರೆ ಎಳೆ ಸರಿಯುವುದೇ ಇಲ್ಲ.

ನಡುಭಾಗ ಎದ್ದು ನಿಲ್ಲುವುದಕ್ಕೆ ಲೆಕ್ಕ ನೋಡಿ. ಸಾಲಿನ ಅಗಲ 4 ಮಿ.ಮೀ. ಇದ್ದರೆ ಮುಂದಿನ ಬಟ್ಟೆ 4, ಹಿಂದಿನದು 4, ಒಟ್ಟು ಸುತ್ತಳತೆ 8 ಮಿ.ಮೀ. ನೂಲು ತುರುಕಿ ಪೂರ್ತಿ ಗುಂಡಗೆ ಮಾಡಿದರೆ ಅದರ ಅಡ್ಡಗಲ ಬರೀ ಎರಡೂವರೆ ಮಿ.ಮೀ. ಆಗುತ್ತದೆ. ಉಳಿದ ಒಂದೂವರೆ ಮಿ.ಮೀ. ಎಲ್ಲಿಂದ ಬಂತು? ಪಕ್ಕದ ಬಟ್ಟೆಯನ್ನು ಎಳೆದುಕೊಂಡಿತು. ನೀವು ಅಂಚನ್ನು ಮೊದಲು ತುಂಬಿದ್ದೀರಿ, ಅಂಚಿನ ಸುತ್ತು ಕುಗ್ಗಿತು, ನಡುವಿನ ಬಟ್ಟೆಗೆ ಜಾಗ ಸಾಲದೆ ಮೇಲೆದ್ದಿತು. ನಡುವನ್ನೇ ಬಿಗಿಯಾಗಿ ತುಂಬಿ ಅಂಚನ್ನು ಖಾಲಿ ಬಿಟ್ಟಿದ್ದರೆ ಅಂಚು ಅಲೆಅಲೆಯಾಗುತ್ತಿತ್ತು. ಹೊಲಿಗೆ ಎಲ್ಲವನ್ನೂ ಮುಗಿಸಿಯೇ ತುಂಬಲು ಕೂರಿ, ನಡುವಿನಿಂದ ಹೊರಕ್ಕೆ ನಾಲ್ಕೂ ದಿಕ್ಕಿಗೆ ಸಮವಾಗಿ ಸಾಗಿ. ತುಂಬಿದ ಸಾಲು ಬೆರಳಿಗೆ ಮೆತ್ತಗಿರಬೇಕು, ಮಡಚಿದರೆ ಮಡಚಬೇಕು.

ಇನ್ನೊಂದು. ಸಾಲುಗಳೆಲ್ಲ ಒಂದೇ ದಿಕ್ಕಿಗಿದ್ದರೆ ಬಟ್ಟೆ ಅಡ್ಡಕ್ಕೆ ಮಾತ್ರ ಕುಗ್ಗುತ್ತದೆ, ಚೌಕ ಹೋಗಿ ಆಯತವಾಗುತ್ತದೆ. ಚಿತ್ರದಲ್ಲೇ ದಿಕ್ಕು ಬದಲಿಸಿ.

ಹತ್ತಿಬಿಡಿಸು (ಯಾದಗಿರಿ):

ನೂಲಿನ ವಿಷಯಕ್ಕ ಬರ್ತೀನಿ. ಕ್ರೋಶೆ ನೂಲು ಈ ಕೆಲಸಕ್ಕ ಬರಂಗಿಲ್ಲ. ಅದಕ್ಕ ಹುರಿ ಗಟ್ಟಿ, ಮ್ಯಾಲ ಹೊಳಪಿನ ಸಂಸ್ಕಾರ ಬ್ಯಾರೆ ಆಗಿರ್ತದ. ನೀರಿಗೆ ಹಾಕಿದ್ರ ಅರಳಂಗಿಲ್ಲ, ಸಾಲಿನಾಗ ತಂತಿ ಇಟ್ಟಂಗ ಕೂಡ್ತದ. ಬೂತಿಗೆ ಬೇಕಾದ್ದು ಹುರಿ ಕಮ್ಮಿ ಇರೋ ಮೆತ್ತನ ಹತ್ತಿ ನೂಲು. ಹೆಣಿಗಿ ಹಾಕೋ ಹತ್ತಿ ನೂಲು ಸಿಕ್ಕರ ಅದೇ ಛಲೋ. ಇಲ್ಲಂದ್ರ ಕೈಮಗ್ಗದವರ ಹತ್ರ 10ನೇ ಕೌಂಟಿನ (ಕೌಂಟ್ ಅಂದ್ರ ನೂಲಿನ ದಪ್ಪದ ಅಳತಿ) ನೂಲು ತಗೊಂಡು ನಾಲ್ಕು, ಆರು ಎಳಿ ಹುರಿ ಹಾಕದ ಕೂಡಿಸ್ಕೋರಿ. ಲಡಿ ಮಾಡಿ ಒಂದು ರಾತ್ರಿ ನೀರಾಗ ನೆನಸಿ, ಜಗ್ಗದಂಗ ನೆರಳಿನಾಗ ಒಣಗಸ್ರಿ. ಕುಗ್ಗೋದು ಮೊದಲ ಕುಗ್ಗಲಿ. ಒಳಗ ಹೋದ ಮ್ಯಾಲ ಕುಗ್ಗಿದ್ರ ಸಾಲು ಉದ್ದಕ್ಕ ಜಗ್ಗಿ ಮುದುಡ್ತದ.

ಬಿಳಿ ನೂಲೇ ಬೇಕು. ಸ್ವಲ್ಪ ಹಳದಿ ಇದ್ರೂ ಕೇಂಬ್ರಿಕ್‌ನಾಗ ಕಾಣ್ತದ.

ದೀಪದ ಬತ್ತಿ ಸಾಲಿಗೆ ಬ್ಯಾಡ. ಹುರಿ ಇಲ್ಲ, ನಡುವ ಕಡಿದು ಅರ್ಧ ಒಳಗ ಉಳೀತದ, ತಗೀಲಿಕ್ಕ ಹೊಲಿಗಿ ಬಿಚ್ಚಬೇಕು. ಆದ್ರ ಹೂವಿನ ಎಸಳು, ದ್ರಾಕ್ಷಿ, ದಾಳಿಂಬ್ರಿ ಹಣ್ಣಿನಂಥ ಅಗಲ ಜಾಗಕ್ಕ ಬತ್ತಿ ಹತ್ತಿನೇ ಸಲೀಸು. ಗೋದಿಕಾಳಿನಷ್ಟು ಚೂರು ಮಾಡಿ, ಕಡ್ಡಿ ತುದಿಲೆ ಮೊದಲ ಮೂಲಿಗೆ ನೂಕಿ, ಆಮ್ಯಾಲ ನಡುವಿಗೆ ಬರ್ರಿ. ಒಮ್ಮೆಲೆ ದೊಡ್ಡ ಉಂಡಿ ತುರುಕಿದ್ರ ಮೂಲಿ ಖಾಲಿ ಉಳದು ನಡುವ ಗಂಟು ಕಾಣ್ತದ.

ಜಿನ್ನಿಂಗ್‌ನಿಂದ (ಹತ್ತಿ ಬೀಜ ಬಿಡಿಸೋ ಮಿಲ್) ಬಂದ ಗಾದಿ ಹತ್ತಿ ಅಗ್ಗ ಸಿಗ್ತದಂತ ಅದನ್ನ ತುಂಬಬ್ಯಾಡ್ರಿ. ಅದರಾಗ ಬೀಜದ ಸಿಪ್ಪಿ ಚೂರು ಇರ್ತಾವ, ಬಿಳಿ ಬಟ್ಟಿ ಮ್ಯಾಲ ಕಂದು ಕಲಿ ಬೀಳ್ತದ. ಕೌದಿಗೆ, ಗಾದಿಗೆ ನಡೀತದ, ಇದಕ್ಕ ಇಲ್ಲ.

ನೂಲಿನ ಅಂದಾಜು: 10 ಸೆಂ.ಮೀ. ಚೌಕದಾಗ 4 ಮಿ.ಮೀ. ಸಾಲು 25 ಬರ್ತಾವ. ಒಂದೊಂದಕ್ಕ 10 ಸೆಂ.ಮೀ., ಎರಡೂ ತುದಿಗೆ ಒಂದೊಂದು ಸೆಂ.ಮೀ. ಬಾಲ. ಒಟ್ಟು 3 ಮೀಟರ್, ಜೋಡಿ ಎಳಿ ಆದ್ರ 6 ಮೀಟರ್. ನಿಮ್ಮ 20 ಸೆಂ.ಮೀ. ಚೌಕಕ್ಕ ಪೂರ್ತಿ ಸಾಲೇ ಇದ್ರ ಜೋಡಿ ಎಳಿ 22 ಮೀಟರ್ ಹಿಡೀತದ.

ಕೌದಿಸಾಲು (ಕಲಬುರಗಿ):

ಅಂಗಡ್ಯಾಗ ಸಿಗೋ ಮೊಂಡ ಸೂಜಿ ನಾಲ್ಕು ಸೆಂ.ಮೀ. ಉದ್ದ ಅಷ್ಟೇ. 20 ಸೆಂ.ಮೀ. ಸಾಲಿಗೆ ಅದು ಐದು ಸಲ ಹೊರಗ ಬರಬೇಕು, ಐದು ತೂತು. ಬ್ಯಾರೆ ದಾರಿ ಏನರ ಅದ ಏನ್ರಿ? ಮತ್ತ ಬಳ್ಳಿ ತಿರುವಿನಾಗ ನೂಲು ಸೊಟ್ಟ ಬರ್ತದ.

ಸೂಜಿಮೊನೆ:

ಕುಣಿಕೆ ಹಾಕಿ ಎಳೆಯಿರಿ. 12–15 ಸೆಂ.ಮೀ. ಉದ್ದದ ತೆಳು ಸೂಜಿ (ಗೊಂಬೆ ಹೊಲಿಯುವವರು ಬಳಸುವಂಥದ್ದು) ಸಿಕ್ಕರೆ ಅದರ ಮೊನೆಯನ್ನು ಕಲ್ಲಿಗೆ ಉಜ್ಜಿ ಮೊಂಡ ಮಾಡಿ. ಗಾದಿ ಸೂಜಿ ದಪ್ಪ, 4 ಮಿ.ಮೀ. ಸಾಲಿಗೆ ಆಗದು. ಗಟ್ಟಿ ಪಾಲಿಯೆಸ್ಟರ್ ದಾರವನ್ನು ಜೋಡಿ ಮಾಡಿ ಎರಡೂ ತುದಿಯನ್ನು ಸೂಜಿ ಕಣ್ಣಿಗೆ ಪೋಣಿಸಿದರೆ ಹಿಂದೆ ಕುಣಿಕೆ ಉಳಿಯುತ್ತದೆ. ಆ ಕುಣಿಕೆಯಲ್ಲಿ ತುಂಬುವ ನೂಲನ್ನು ಹಾಯಿಸಿ, ಸೂಜಿಯನ್ನು ಸಾಲಿನೊಳಗೆ ನಡೆಸಿ ಆ ಕಡೆಯಿಂದ ಎಳೆಯಿರಿ. ಪರಕಾರದ ನೇಫಾದಲ್ಲಿ ಲಾಡಿ ಎಳೆದ ಹಾಗೆಯೇ, ಸಣ್ಣ ಪ್ರಮಾಣದಲ್ಲಿ. ಹೀಗೆ ಮಾಡಿದರೆ ದಪ್ಪ ನೂಲು ಸೂಜಿ ಕಣ್ಣಿನಲ್ಲಿ ಮಡಚಿಕೊಂಡು ತೂತು ಅಗಲಿಸುವುದೂ ತಪ್ಪುತ್ತದೆ. ಆಗ ಪಾಲಿಯೆಸ್ಟರ್ ರೀಲೂ ಕೆಲಸಕ್ಕೆ ಬಂದಂತಾಯಿತು.

ತಿರುವಿನಲ್ಲಿ ಸೂಜಿಯನ್ನು ಬಗ್ಗಿಸಲು ಹೋಗಬೇಡಿ. ಮೂಲೆಗೆ ಬಂದಾಗ ಹಿಂಬದಿಗೆ ಹೊರತೆಗೆದು, ಅದೇ ತೂತಿನಲ್ಲಿ ಮತ್ತೆ ಒಳಹೊಕ್ಕು ಮುಂದಿನ ದಿಕ್ಕಿಗೆ ಹೋಗಿ. ಹೊರಗೆ ಎಳ್ಳುಕಾಳಿನಷ್ಟು ಸಡಿಲ ಬಿಟ್ಟು ಆಮೇಲೆ ಒಳಕ್ಕೆ ನೂಕಿ. ಸಡಿಲ ಬಿಡದಿದ್ದರೆ ಮೊದಲ ತೊಳೆತಕ್ಕೇ ನೂಲು ಜಗ್ಗಿ ಮೂಲೆ ಚಪ್ಪಟೆಯಾಗುತ್ತದೆ. ಬಳ್ಳಿ ಕೆಲಸದಲ್ಲಿ ಇದೇ ಮುಕ್ಕಾಲು ಪಾಲು ದೋಷಕ್ಕೆ ಮೂಲ.

ಸರಿಯಾಗಿ ತುಂಬಿದೆಯೇ ನೋಡಲು ಕಿಟಕಿಗೆ ಅಡ್ಡ ಹಿಡಿಯಿರಿ. ಬೂತಿಯ ಅಂದವೇ ಅಲ್ಲಿರುವುದು: ಹೊಲಿಗೆಯ ಗೆರೆ ಬೆಳಕಿಗೆ ಹೊಳೆಯಬೇಕು, ತುಂಬಿದ ಜಾಗ ದಟ್ಟ ಬಿಳಿ ಕಾಣಬೇಕು. ನಡುವೆ ಎಲ್ಲಿ ಮಸುಕಾಗಿ ಬೆಳಕು ತೂರುತ್ತದೋ ಅಲ್ಲಿ ನೂಲು ಸಾಲದು.

ತಾರ್‌ಕಶಿ (ಬೀದರ್):

ಚಿತ್ರದ ಬಗ್ಗೆ ಯಾರೂ ಹೇಳಿಲ್ಲ, ಅದಕ್ಕ ಬರೀಲಿಕತ್ತೀನಿ. ದ್ರಾಕ್ಷಿ, ಆಲಿವ್ ಅಂತ ಅವರದೇ ಚಿತ್ರ ಹುಡುಕೋದ್ಯಾಕ, ಬಿದರಿ ಕೆಲಸದ ಬಳ್ಳಿ ಇದಕ್ಕ ಭಾಳ ಹೊಂದ್ತದ. ಒಂದು ತಿದ್ದುಪಡಿ ಬೇಕು. ಬಿದರಿಯಾಗ ಎರಡು ನಮೂನಿ ಅವ: ಬೆಳ್ಳಿ ತಂತಿ ಕೂಡಿಸೋ ತಾರ್‌ಕಶಿ, ಬೆಳ್ಳಿ ತಗಡು ಕೂಡಿಸೋ ತಹ್‌ನಿಶಾನ್. ತಗಡಿನ ಹೂವು, ಎಲಿ ಹಂಗೇ ಇಳಿಸ್ಕೋಬಹುದು, ಅವು ಹತ್ತಿ ತುಂಬೋ ಜಾಗ ಆಗ್ತಾವ. ತಂತಿ ಗೆರಿ ಮಾತ್ರ ಒಂಟಿ, ಒಂಟಿ ಗೆರಿಯೊಳಗ ನೂಲು ಎಲ್ಲಿ ಹಾಕ್ತೀರಿ? ಅದರ ಪಕ್ಕಕ್ಕ 4 ಮಿ.ಮೀ. ದೂರದಾಗ ಇನ್ನೊಂದು ಗೆರಿ ಎಳದು ಜೋಡಿ ಮಾಡಬೇಕು. ಗೆರಿ ಗೆರಿ ದಾಟೋ ಕಡೆ ಒಂದು ಬಳ್ಳಿ ಮ್ಯಾಲ, ಇನ್ನೊಂದು ಕೆಳಗ ಅಂತ ಮೊದಲೇ ಗುರ್ತು ಹಾಕ್ರಿ. ಕೆಳಗಿನದರ ಹೊಲಿಗಿ ಅಲ್ಲಿಗೇ ನಿಲ್ಲಬೇಕು, ದಾಟಿ ಹೊಲಿದ್ರ ಮ್ಯಾಲಿನ ಸಾಲಿನ ದಾರಿ ಬಂದ್.

ಬೀದರ್ ಕೋಟಿಯ ರಂಗೀನ್ ಮಹಲಿನಾಗ ಕರಿ ಕಲ್ಲಿನಾಗ ಮುತ್ತಿನ ಚಿಪ್ಪು ಕೂಡಿಸಿದ ಬಳ್ಳಿ ಅವ. ಕಪ್ಪಿನ ಮ್ಯಾಲ ಬಿಳಿ ಇರೋದ್ರಿಂದ ಫೋಟೋ ತಗದು ಗೆರಿ ಬಿಡಿಸ್ಕೊಳ್ಳೋದು ಸುಲಭ.

ಇಂಥಾ ಉಬ್ಬಿಸಿದ ಹಳೇ ಕೆಲಸ ನೋಡಬೇಕಂದ್ರ ಟ್ರಿಸ್ಟನ್ ಕ್ವಿಲ್ಟ್ ಅನ್ನೋ ಹೊದಿಕಿ ಹುಡುಕ್ರಿ. 14ನೇ ಶತಮಾನದ ಕೊನೀಗೆ ಸಿಸಿಲಿಯಾಗ ಆದದ್ದು, ಒಂದು ಭಾಗ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಾಗ, ಇನ್ನೊಂದು ಫ್ಲಾರೆನ್ಸಿನ ಬಾರ್ಜೆಲ್ಲೋದಾಗ ಅದ. ಅದು ಲಿನನ್. ಬೂತಿಗೇ ಅಂತ ಫ್ರಾನ್ಸಿನ ಕಾಲ್ವಿಸೋನ್ ಊರಿನಾಗ ಒಂದು ಮ್ಯೂಸಿಯಂ ಅದ. ನಡುವ ಹತ್ತಿ ಹಾಸಿ ಹೊಲಿಯೋ ಪ್ರೊವಾನ್ಸಿನ ಲಂಗಗಳೂ ಕಾಣ್ತಾವ, ಅವು ಬೂತಿ ಅಲ್ಲ, ನಮ್ಮ ಕೌದಿಗೆ ಹತ್ರದವು. ಆ ಲಂಗದ ಮ್ಯಾಲಿನ ಅಚ್ಚಿನ ಬಟ್ಟಿ ನಮ್ಮ ಕೋರಮಂಡಲ ಕಡಿಂದನೂ ಹೋಗ್ತಿತ್ತು. 1686ರಾಗ ಫ್ರಾನ್ಸ್ ಸರ್ಕಾರ ಅದನ್ನ ನಿಷೇಧ ಮಾಡಿ 1759ರ ತನಕ ಬಿಡಲಿಲ್ಲ, ಇದು ಬರೇ ತಿಳೀಲಿಕ್ಕ.

ಸೂಜಿಮೊನೆ ಅವ್ರೆ, ರಿಂಗ್ (ಕಸೂತಿಗೆ ಬಟ್ಟಿ ಬಿಗಿಯೋ ಬಳಿ) ಬಗ್ಗೆ ಬಿಟ್ಟೀರಿ. ರಿಂಗ್‌ನಾಗ ಬಟ್ಟಿ ತಮಟಿಯಂಗ ಬಿಗಿದ್ರ ಸಣ್ಣ ಟಾಕಿ ಬರಂಗಿಲ್ಲ, ನನ್ನ ಪ್ರಕಾರ ರಿಂಗ್ ಇಲ್ಲದೇ ಹೊಲಿಯೋದೇ ಛಲೋ.

ಸೂಜಿಮೊನೆ:

ರಿಂಗ್ ಪೂರ್ತಿ ಬಿಟ್ಟರೆ ಮಲ್ ಓರೆಯಾಗಿ ಜಾರುತ್ತದೆ, ಎರಡು ಪದರ ಒಂದಕ್ಕೊಂದು ಸರಿದು ಸಾಲುಗಳು ತಿರುಚುತ್ತವೆ. ರಿಂಗ್ ಹಾಕಿ, ಆದರೆ ನಡುವೆ ಒತ್ತಿದರೆ ಒಂದು ಬೆರಳು ತಗ್ಗುವಷ್ಟು ಸಡಿಲ ಇರಲಿ. ತುಂಬುವಾಗ ಮಾತ್ರ ರಿಂಗ್ ಬೇಡವೇ ಬೇಡ. ಯಾವುದಕ್ಕೂ ಮೊದಲು 5 ಸೆಂ.ಮೀ.ಗೆ ಒಂದರಂತೆ ಅಡ್ಡ, ಉದ್ದ ಕಚ್ಚಾ ಟಾಕಿ (ಆಮೇಲೆ ಎಳೆದು ತೆಗೆಯುವ ತಾತ್ಕಾಲಿಕ ಹೊಲಿಗೆ) ಹಾಕಿ. ಬಣ್ಣದ ದಾರ ಬೇಡ, ಎಳೆಯುವಾಗ ಬಣ್ಣದ ಜುಂಗು ಒಳಗೆ ಉಳಿಯುತ್ತದೆ.

ಕೌದಿಸಾಲು (ಕಲಬುರಗಿ):

ಗೆರಿ ಎಳೀಲಿಕ್ಕ ನೀರಿಗೆ ಹೋಗೋ ನೀಲಿ ಪೆನ್ ಅದ. ನಮ್ಮ ಕಡೆ ಬೋರ್ ನೀರು ಭಾಳ ಗಡಸು, ಕಲಿ ಉಳೀತದೇನು? ಅಂಚು ಯಾವಾಗ ಕಟ್ಟಬೇಕು?

ಹತ್ತಿಬಿಡಿಸು (ಯಾದಗಿರಿ):

ನೀಲಿ ಪೆನ್ನಿನ ವೈರಿ ಶಾಖ. ಗೆರಿ ಇರೋತನಕ ಇಸ್ತ್ರಿ ತಾಗಿಸಬ್ಯಾಡ್ರಿ, ಬಿಸಲಿನಾಗ ಇಡಬ್ಯಾಡ್ರಿ, ಕಲಿ ಕಂದಾಗಿ ಕೂತುಬಿಡ್ತದ. ಮೊದಲ ಸೋಪಿಲ್ಲದ ತಣ್ಣೀರಿನಾಗ ಒಂದು ತಾಸು ಮುಳುಗಿಸಿ ನೀಲಿ ಪೂರ್ತಿ ಹೋಗಲಿ, ಆಮ್ಯಾಲ ಸೋಪು. ಬರೇ ನೀರು ಚಿಮುಕಿಸಿದ್ರ ನೀಲಿ ಒಳಗಿನ ಹತ್ತಿಗೆ ಇಳದು, ಒಣಗಿದ ಮ್ಯಾಲ ತಿರುಗಿ ಮ್ಯಾಲ ಬರ್ತದ. ಗಡಸು ನೀರಾಗ ಸೋಪಿನ ಕಿಲ್ಬ ಉಳೀತದ, ಅದಕ್ಕ ಕೊನೀ ಎರಡು ನೀರು ಫಿಲ್ಟರಿಂದ ತಗೋರಿ.

ಹಿಂಡಬ್ಯಾಡ್ರಿ. ಟವೆಲ್‌ನಾಗ ಸುತ್ತಿ ಒತ್ತಿ, ಚಾದರದ ಮ್ಯಾಲ ಹಾಸಿ, ಕೈಲೆ ನಾಲ್ಕೂ ಮೂಲಿ ಕಾಟಕೋನಕ್ಕ ತಂದು ಫ್ಯಾನಿನ ಕೆಳಗ ಬಿಡ್ರಿ. ನೂಲು ಅರಳಿ ಸಾಲು ತುಂಬಿಕೊಳ್ಳೋದು ಈ ಹಂತದಾಗ. ಒಣಗಿದ ಮ್ಯಾಲೂ ಇಸ್ತ್ರಿ ಬ್ಯಾಡ, ಉಬ್ಬು ಚಪ್ಪಟಿ ಆಗ್ತದ.

ಅಂಚು ತೊಳದ ಮ್ಯಾಲೇ ಕಟ್ಟಬೇಕು, ಅದಕ್ಕ ಶುರುವಿಗೇ ಸುತ್ತ 5 ಸೆಂ.ಮೀ. ಬಟ್ಟಿ ಹೆಚ್ಚಿಗಿ ಬಿಡ್ರಿ. ಒಟ್ಟು ಎಷ್ಟು ಕುಗ್ತದಂತ ಅದೇ ಬಟ್ಟಿ, ಅದೇ ನೂಲಿನಾಗ 10 ಸೆಂ.ಮೀ. ತುಂಡು ಮಾಡಿ, ತೊಳದು ಅಳೀರಿ. ಅದು 9ಕ್ಕ ಬಂದ್ರ, ಮುಗಿದ ಮ್ಯಾಲ 20 ಬೇಕನ್ನೋರು 22ಕ್ಕಿಂತ ಸ್ವಲ್ಪ ಜಾಸ್ತಿಗೆ ಚಿತ್ರ ಬರಕೋಬೇಕು. ಅಂಚಿಗೆ ಅದೇ ಕೇಂಬ್ರಿಕ್‌ನ ಕ್ರಾಸ್ ಪಟ್ಟಿ (ಓರೆಯಾಗಿ ಕತ್ತರಿಸಿದ್ದು), ಮೂರು ಸೆಂ.ಮೀ. ಅಗಲ. ನೆಟ್ಟಗ ಕತ್ತರಿಸಿದ ಪಟ್ಟಿ ಮೂಲ್ಯಾಗ ತಿರುಗಂಗಿಲ್ಲ.

ಈಗಿರೋ ಪಾಪ್ಲಿನ್ ತುಂಡು ಬಿಚ್ಚಬ್ಯಾಡ್ರಿ ಅಕ್ಕಾರ, ಖಾಲಿ ಉಳಿದ ಸಾಲಿನಾಗ ಕುಣಿಕಿ ಎಳಿಯೋದು ಅದರ ಮ್ಯಾಲೇ ರೂಢಿ ಮಾಡ್ಕೋರಿ.