ಅಪ್‌ಡೇಟ್: ಸ್ನಾಯು ನಾರಿನ ಟೆಸ್ಟ್ ಮಾಡಿಸ್ಲಾ ಅಂತ ಕೇಳಿದ್ದೆನಲ್ಲ, ಅದರ ಕಥೆ

ಹೋದ ತಿಂಗಳು ಕೇಳಿದ್ದೆ: ನನ್ನ ಮೈಯಲ್ಲಿ ವೇಗದ ನಾರು (ಜೋರು ಕೊಟ್ಟು ಬೇಗ ಸುಸ್ತಾಗೋದು) ಜಾಸ್ತಿನಾ, ನಿಧಾನದ್ದು (ತುಂಬಾ ಹೊತ್ತು ತಡೆಯೋದು) ಜಾಸ್ತಿನಾ ಅಂತ ತಿಳ್ಕೊಂಡು ಅದರ ಪ್ರಕಾರ ವೇಟ್ ಎತ್ತಬೇಕಾ ಅಂತ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಖಚಿತವಾಗಿ ಗೊತ್ತಾಗಬೇಕಂದ್ರೆ ಬಯಾಪ್ಸಿನೇ. ತೊಡೆಗೆ ದಪ್ಪ ಸೂಜಿ ಹಾಕಿ ಚೂರು ಮಾಂಸ ತೆಗೀತಾರೆ. ಹಾಸನದಲ್ಲಿ ಇದನ್ನ ಯಾವ ಡಾಕ್ಟ್ರ ಹತ್ರ ಕೇಳೋದು, ಬೈತಾರೆ! ಅದೂ ಆ ಚೂರಿನ ಲೆಕ್ಕ ಅಷ್ಟೇ. ಮೀನಖಂಡದ ಒಳಗಿನ ಸೋಲಿಯಸ್ ಅನ್ನೋ ಸ್ನಾಯು ಹೆಚ್ಚಾಗಿ ನಿಧಾನದ ನಾರೇ. ತೊಡೆಯ ಲೆಕ್ಕ ಅಲ್ಲಿಗೆ ಬರಲ್ಲ.

ಹಾಗಾಗಿ ಜಿಮ್ ಟೆಸ್ಟ್ ಮಾಡಿದೆ. ಒಂದೇ ಸಲಕ್ಕೆ ಎತ್ತೋ ಗರಿಷ್ಠ ಭಾರದ 80% ಹಾಕಿ ರೆಪ್ಸ್, ಅಂದ್ರೆ ನಿಲ್ಲಿಸದೆ ಎಷ್ಟು ಸಲ ಎತ್ತಿದೆ ಅಂತ ಎಣಿಸೋದು. ಕಮ್ಮಿ ಬಂದ್ರೆ ವೇಗದ ನಾರು, ಜಾಸ್ತಿ ಬಂದ್ರೆ ನಿಧಾನದ್ದು ಅನ್ನೋ ಲೆಕ್ಕ. ಸ್ಕ್ವಾಟಲ್ಲಿ ನನ್ನ ಗರಿಷ್ಠ 100ಕ್ಕೆ 80 ಕೆಜಿ: 13 ರೆಪ್ಸ್ ಬಂತು. ಬೆಂಚ್ ಪ್ರೆಸ್ (ಮಲಗಿ ಎದೆ ಮೇಲಿಂದ ಬಾರ್ ಎತ್ತೋದು) 60ಕ್ಕೆ 48 ಆಗಬೇಕು, ಪ್ಲೇಟ್ ಹೊಂದದೆ 47.5 ಹಾಕಿದೆ. ಆರಕ್ಕೇ ಕೈ ನಡುಗಿ, ಏಳನೇದಕ್ಕೆ ಬಾರ್ ಎದೆ ಮೇಲೆ ಕೂತ್ಕೊಳ್ತು. ಪಕ್ಕದವರು ಓಡಿ ಬಂದು ಎತ್ತಿದ್ರು.

ಕಾಲು ನಿಧಾನ, ಕೈ ವೇಗ ಅಂತ ಬೀಗಿದೆ. ಕೋಚ್ ನಕ್ಕರು: "ಅಲ್ಲಪ್ಪಾ, ವರ್ಷದಿಂದ ದಿನಾ ಮಹಾರಾಜ ಪಾರ್ಕಲ್ಲಿ ಓಡ್ತೀಯ. ಬೆಂಚ್ ಹಿಡಿದು ಎರಡು ತಿಂಗಳಾಗಿಲ್ಲ. ಇದ್ರಲ್ಲಿ ನಾರೆಷ್ಟು, ರೂಢಿಯೆಷ್ಟು?"

ಬಾಯಿ ಮುಚ್ಚಿಕೊಂಡೆ. ಈಗ ಕಾಲಿಗೂ ಎದೆಗೂ ಒಂದಿನ ಐದೈದು ರೆಪ್ಸಿನ ಭಾರ, ಇನ್ನೊಂದಿನ ಹನ್ನೆರಡು ರೆಪ್ಸಿನ ಹಗುರ. ಯಾರೋ ಹೇಳಿದ, ವೇಗದ ನಾರಿಗೆ ಸಂಬಂಧಪಟ್ಟ ಎಸಿಟಿಎನ್3 ಅನ್ನೋ ಜೀನಿನ ಟೆಸ್ಟೂ ಬೇಡ ಅಂದೆ. ಆ ದುಡ್ಡಿಗೆ ಮೊಟ್ಟೆ ಬಂತು.