ಸಹಾಯ ಬೇಕು: ಕಂಪನಿ ಜೊತೆ ರಿಸರ್ಚ್ ಅಗ್ರಿಮೆಂಟ್, ಪೇಟೆಂಟ್ ಯಾರ ಹೆಸ್ರಿಗೆ?

ಎಲ್ರಿಗೂ ನಮಸ್ಕಾರ. ನಾನು ಒಂದು ಇಂಜಿನಿಯರಿಂಗ್ ಕಾಲೇಜಲ್ಲಿ ಮೆಕ್ಯಾನಿಕಲ್ ಮೇಷ್ಟ್ರು. ಪೀಣ್ಯದ ಒಂದು ಕಂಪನಿಯವ್ರು ಪಂಪ್ ಇಂಪೆಲ್ಲರ್ ಕೋಟಿಂಗ್ ಮೇಲೆ ಎರಡು ವರ್ಷದ ಪ್ರಾಜೆಕ್ಟಿಗೆ ದುಡ್ಡು ಕೊಡ್ತೀವಿ ಅಂದ್ರು, ಖುಷಿಯಾಗಿ ಅಗ್ರಿಮೆಂಟ್ ಓದಿದ್ರೆ ಹುಟ್ಟೋ ಐಪಿ (ಪೇಟೆಂಟ್ ಥರದ ಬೌದ್ಧಿಕ ಆಸ್ತಿ) ಎಲ್ಲಾ ಅವ್ರದ್ದೇ ಅಂತೆ, ಪೇಪರ್ ಹಾಕೋಕೂ ಅವ್ರ ಪರ್ಮಿಷನ್ ಬೇಕಂತೆ, ಅದಕ್ಕೆ ಟೈಮ್ ಲಿಮಿಟ್ಟೇ ಇಲ್ಲ! ನನ್ನ ಪಿಎಚ್‌ಡಿ ಹುಡುಗಿ ಥೀಸಿಸ್ ಕಥೆ ಏನ್ರೀ?

ಅಮೆರಿಕದಲ್ಲಿ ಪೇಟೆಂಟನ್ನ ಯೂನಿವರ್ಸಿಟಿನೇ ಇಟ್ಕೊಳ್ಳೋಕೆ ಬಿಡೋ 1980ರ ಬೈ-ಡೋಲ್ ಕಾಯ್ದೆ ಇದೆ, ಆದ್ರೆ ಅದು ಸರ್ಕಾರಿ ದುಡ್ಡಿನ ಸಂಶೋಧನೆಗೆ. ನಮ್ಮಲ್ಲೂ ಅಂಥದ್ದೇ ಒಂದು ಮಸೂದೆ 2008ರಲ್ಲಿ ರಾಜ್ಯಸಭೆಗೆ ಬಂದು ಕಾನೂನಾಗದೆ ವಾಪಸ್ ಹೋಯ್ತು. ಹಂಗಾಗಿ ಅಗ್ರಿಮೆಂಟಲ್ಲಿ ಏನ್ ಬರ್ಕೊಂಡ್ವೋ ಅದೇ ಗತಿ. ನಮ್ಮ ಕಾಲೇಜಲ್ಲಿ ಇದನ್ನ ನೋಡೋ ಆಫೀಸೇ ಇಲ್ಲ, ಐಐಎಸ್‌ಸಿ ಥರದವ್ರಿಗೆ ಅದಕ್ಕೇ ಅಂತ ಜನ ಇರ್ತಾರೆ.

ನನ್ನ ಲೆಕ್ಕ ಇಷ್ಟೇ, ಪೇಟೆಂಟ್ ಕಾಲೇಜಿನ ಹೆಸ್ರಲ್ಲಿ ಇರ್ಲಿ, ಪಂಪಿಗೆ ಮಾತ್ರ ಎಕ್ಸ್‌ಕ್ಲೂಸಿವ್ ಲೈಸೆನ್ಸ್ (ಬೇರೆ ಯಾರಿಗೂ ಕೊಡದ ಬಳಕೆ ಹಕ್ಕು) ಕಂಪನಿಯವ್ರು ತಗೊಳ್ಳಿ, ರಾಯಲ್ಟಿ ಕೊಡ್ಲಿ. ಪೇಪರಿಗೆ ಮುಂಚೆ ಪ್ರೊವಿಷನಲ್ (ಪೇಟೆಂಟಿನ ತಾತ್ಕಾಲಿಕ ಅರ್ಜಿ) ಫೈಲ್ ಮಾಡಿದ್ರೆ ಕಂಪ್ಲೀಟ್ ಅರ್ಜಿ ಹಾಕೋಕೆ 12 ತಿಂಗಳು ಸಿಗುತ್ತೆ, 2021ರಿಂದ ಕಾಲೇಜುಗಳಿಗೆ ಪೇಟೆಂಟ್ ಫೀಸಲ್ಲಿ 80% ರಿಯಾಯ್ತಿನೂ ಇದೆ, ಅಂದ್ಮೇಲೆ ಖರ್ಚಿನ ನೆಪ ಹೇಳಂಗಿಲ್ಲ. ಪ್ರಿನ್ಸಿಪಾಲ್ರು ಮಾತ್ರ 'ಬಂದ ದುಡ್ಡು ಬಿಡ್ಬೇಡಿ, ಸೈನ್ ಹಾಕಿ' ಅಂತಿದಾರೆ 😅

ಇಂಥದ್ದಕ್ಕೆ ಸೈನ್ ಮಾಡಿರೋರು ಯಾರಾದ್ರೂ ಇದ್ರೆ ಹೇಳಿ, ಪೇಪರ್ ಹಾಕೋ ಮುಂಚೆ ಬರೀ 60-90 ದಿನದ ರಿವ್ಯೂಗೆ ಕಂಪನಿಯವ್ರು ಒಪ್ತಾರಾ? ಹಳೇ ಡ್ರಾಫ್ಟ್ ಇದ್ರೆ ಹೆಸ್ರು ಅಳಿಸಿ ಕಳ್ಸಿ ಪ್ಲೀಸ್, ಸೋಮವಾರ ಮೀಟಿಂಗ್ ಇದೆ.