'ಬರ್ನ್ ಔಟ್' ಅಂದ್ರೆ ಸುಟ್ಟುಹೋಗೋದಾ, ಆರಿಹೋಗೋದಾ?

ಸೋಮವಾರಪೇಟೆ ಹುಡುಗಿ: ನರ್ಸ್‌ಗಳ ಕೆಲಸದ ಬಗ್ಗೆ ಒಂದು ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ದುಡಿದು ದುಡಿದು ಬಸವಳಿದು ಹೋಗೋದಕ್ಕೆ ಅದರಲ್ಲಿ 'ಬರ್ನ್ ಔಟ್' ಅಂತಾರೆ. ಅದು ಬಂದ ಕಡೆಯೆಲ್ಲ 'ಸುಟ್ಟುಹೋದರು' ಅಂತ ಬರೆದೆ. ಅಮ್ಮ ಓದಿ, ಯಾವ ಆಸ್ಪತ್ರೆಗೆ ಬೆಂಕಿ ಬಿತ್ತು ಅಂತ ಕೇಳಿದರು. ಬೇರೆ ಪದ ಇದೆಯಾ?

ಪಂಪ್ ರಿಪೇರಿ, ವಿರಾಜಪೇಟೆ: 'ಸುಟ್ಟುಹೋಗು' ತಪ್ಪಲ್ಲಮ್ಮ. ಕಾಫಿ ಹೂ ಅರಳಿಸೋ ಹೂಮಳೆ ಕೈಕೊಟ್ಟರೆ ಎಲ್ಲರೂ ಒಟ್ಟಿಗೇ ಕಾಫಿಗೆ ಸ್ಪ್ರಿಂಕ್ಲರ್ ಹಾಕುತ್ತಾರೆ, ವೋಲ್ಟೇಜ್ ಬೀಳುತ್ತೆ, ಮೋಟಾರು ಜಾಸ್ತಿ ಕರೆಂಟ್ ಎಳೆದು ಬಿಸಿಯಾಗಿ ಕಾಯಿಲ್ ಸುಟ್ಟುಹೋಗುತ್ತೆ. ಬಿಚ್ಚಿದರೆ ತಂತಿಯೆಲ್ಲ ಕಪ್ಪು, ಸುಟ್ಟ ವಾರ್ನಿಷ್ ವಾಸನೆ. ಇಂಗ್ಲಿಷಿನಲ್ಲಿ ಅದೂ ಬರ್ನ್ ಔಟ್. ಮಿತಿ ಮೀರಿ ದುಡಿದವರಿಗೂ ಹೀಗೇ ಆಗೋದು, ಅಲ್ವಾ?

ಕುಶಾಲನಗರ ಮೇಷ್ಟ್ರು: ಮೋಟಾರು ಬರೋ ಮೊದಲೇ ಈ ಪದ ಇತ್ತು ಅಣ್ಣ. ಮೂಲದಲ್ಲಿ ಇದು ಬೆಂಕಿಯ ಮಾತು. ಇಲ್ಲಿ 'ಔಟ್' ಅಂದ್ರೆ ಆರೋದು. ನಾವು ಆರಿಸಿದರೆ 'ಪುಟ್ ಔಟ್', ತಾನೇ ಆರಿದರೆ 'ಗೋ ಔಟ್', ಸೌದೆ ಮುಗಿಯೋ ತನಕ ಉರಿದು ಆರಿದರೆ 'ಬರ್ನ್ ಔಟ್'. ಕೆಲಸದ ದಣಿವಿಗೆ ಈ ಪದ ಹಬ್ಬಿದ್ದು, 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಅನ್ನೋ ಮನಶ್ಶಾಸ್ತ್ರಜ್ಞ ನ್ಯೂಯಾರ್ಕಿನ ಉಚಿತ ಕ್ಲಿನಿಕ್‌ನಲ್ಲಿ ಕಂಡದ್ದನ್ನು ಬರೆದ ಮೇಲೆ. ಅವರು ಹೇಳಿದ್ದು, ಮನಸಾರೆ ದುಡಿಯೋರಿಗೇ ಹೀಗೆ ಆಗೋದು ಜಾಸ್ತಿ ಅಂತ.

ಮಡಿಕೇರಿ ಅಕ್ಕ: ಮನೆ ಸುಟ್ಟು ಜನ ಬೀದಿಗೆ ಬಿದ್ದರೂ 'ಬರ್ನ್ಡ್ ಔಟ್' ಅಂತಾರೆ ಮೇಷ್ಟ್ರೇ, ಅಲ್ಲಿ 'ಔಟ್' ಅಂದ್ರೆ ಹೊರಗೇ. ಆದ್ರೆ ನರ್ಸ್‌ಗಳ ವಿಷಯಕ್ಕೆ ನೀವು ಹೇಳಿದ್ದೇ ಸರಿ. ನಮ್ಮ ಬಚ್ಚಲ ಹಂಡೆ ಒಲೆಗೆ ರಾತ್ರಿ ಕಾಫಿ ಗಿಡದ ಬೊಡ್ಡೆ ಇಟ್ಟು ಬೂದಿ ಮುಚ್ಚಿದರೆ, ಬೆಳಿಗ್ಗೆ ಕೆದಕಿದಾಗ ಕೆಂಪಗೆ ಕೆಂಡ ಇರುತ್ತೆ. ಸುಮ್ನೆ ಬಿಟ್ಟರೆ ತಣ್ಣಗಿನ ಬೂದಿ. 'ಆರಿಹೋದರು' ಅಂತ ಬರಿ.

ಪಂಪ್ ರಿಪೇರಿ, ವಿರಾಜಪೇಟೆ: ಅಕ್ಕ, ಹಾಗೆ ಬರೆದರೆ ತೀರಿಕೊಂಡರು ಅಂದುಕೊಳ್ಳುತ್ತಾರೆ!

ಮಡಿಕೇರಿ ಅಕ್ಕ: ಹೌದಲ್ವಾ. ಹಾಗಿದ್ರೆ ಆರಿದ್ದು ಏನು ಅಂತ ಹೇಳಬೇಕು. 'ಕೆಲಸದ ಹುರುಪೇ ಆರಿಹೋಗಿದೆ'.

ಕುಶಾಲನಗರ ಮೇಷ್ಟ್ರು: ಚೆನ್ನಾಗಿದೆ. 'ಕೆಲಸದ' ಅನ್ನೋದನ್ನು ಮಾತ್ರ ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಅಂತ ಕರೆಯಲಿಲ್ಲ, ಕೆಲಸದ ಒತ್ತಡದಿಂದ ಬರೋದು ಅಂತಲೇ ಹೇಳಿತು.

ಸೋಮವಾರಪೇಟೆ ಹುಡುಗಿ: 'ಸತತ ನೈಟ್ ಡ್ಯೂಟಿಯಿಂದ ಅವರ ಕೆಲಸದ ಹುರುಪೇ ಆರಿಹೋಗಿತ್ತು' ಅಂತ ತಿದ್ದಿದೆ. ಅಮ್ಮನಿಗೆ ಓದಿ ಹೇಳಿದೆ. ಪಾಪ, ಅವರಿಗೆ ರಜೆ ಕೊಡೋದಿಲ್ವಾ ಅಂದರು.